ಕ್ಯಾಲೆಂಡರ್ ನೋಡಿ ಕಾರನ್ನು ಗುಜರಿಗೆ ಕಳಿಸಬೇಕೇ?

ದೆಹಲಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ 2025 ನೆಮ್ಮದಿ ಕೊಟ್ಟ ವರ್ಷವಲ್ಲ. 10 ವರ್ಷ ದಾಟಿದ ಡೀಸೆಲ್ ಹಾಗೂ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಬಂಕ್‌ಗಳಲ್ಲಿ ಇಂಧನ ಹಾಕಬಾರದು ಎಂಬ ಆದೇಶ ಜುಲೈ 1ರಂದು ಜಾರಿಗೆ ಬಂತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂಕ್‌ಗಳಲ್ಲಿ ಕಾದು ಕುಳಿತವು. ವಾಹನದ ನೋಂದಣಿ ಯಾವ ರಾಜ್ಯದ್ದಾದರೂ ವಿನಾಯಿತಿ ಇರಲಿಲ್ಲ. ವರ್ಗವಾಗಿ ಬಂದು ಕೆಎ ನಂಬರಿನ ಕಾರನ್ನೇ ಓಡಿಸುತ್ತಿದ್ದ ಕನ್ನಡಿಗರಿಗೂ ಅದೇ ನಿಯಮ.

ಜನ ಸಿಟ್ಟಿಗೆದ್ದರು, ಕೆಲವೇ ದಿನಗಳಲ್ಲಿ ಆದೇಶ ಮುಂದಕ್ಕೆ ಹೋಯಿತು. ವಯಸ್ಸೊಂದನ್ನೇ ಕಾರಣ ಮಾಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 12ರಂದು ಹೇಳಿತು. ಚಳಿಗಾಲದ ಹೊಗೆ ದಟ್ಟವಾದ ಮೇಲೆ, ಡಿಸೆಂಬರ್ 17ರಂದು, ಈ ರಕ್ಷಣೆಯನ್ನು ಬಿಎಸ್-4 ಹಾಗೂ ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಅಂದರೆ ಹತ್ತು ವರ್ಷಗಳ ಈ ವಿವಾದದಲ್ಲಿ ಮೊದಲ ಬಾರಿಗೆ, ಕಾರು ಹುಟ್ಟಿದ ವರ್ಷಕ್ಕಿಂತ ಅದರ ತಂತ್ರಜ್ಞಾನ ಮುಖ್ಯ ಎಂಬ ಮಾತು ಆದೇಶದೊಳಗೆ ಬಂತು.

ಒಂದೇ ಕಾರು, ಎರಡು ಹಣೆಬರಹ

ಈ 10-15 ವರ್ಷಗಳ ಲೆಕ್ಕ ಶುರುವಾದದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶದಿಂದ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಈ ನಿಯಮ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯಕ್ಕೆ ಮಾತ್ರ. ಕರ್ನಾಟಕದಲ್ಲಿ 15 ವರ್ಷ ತುಂಬಿದ ಕಾರಿಗೆ ಎಫ್‌ಸಿ ಮಾಡಿಸಿ, ನೋಂದಣಿ ನವೀಕರಿಸಿ ಮತ್ತೆ ಐದು ವರ್ಷ ಓಡಿಸಬಹುದು. ಶುಲ್ಕವೇನೋ ಏರುತ್ತಿದೆ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಆದರೂ ಬಾಗಿಲು ಮುಚ್ಚಿಲ್ಲ.

ಹೀಗಾಗಿ ಗುರುಗ್ರಾಮದಲ್ಲಿ ಬೆಲೆ ಕಳೆದುಕೊಂಡ ಡೀಸೆಲ್ ಕಾರು ಹುಬ್ಬಳ್ಳಿಯಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು. ದೆಹಲಿಯಿಂದ ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಬರುವ ಕಾರುಗಳ ವ್ಯಾಪಾರ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಮಾಲೀಕನಿಗೆ ಅರ್ಧ ಬೆಲೆಯೂ ಸಿಗುವುದಿಲ್ಲ, ಹೊಗೆಯೂ ಕಡಿಮೆಯಾಗುವುದಿಲ್ಲ, ಊರು ಬದಲಾಗುತ್ತದೆ ಅಷ್ಟೆ.

ದೆಹಲಿಯ ನವೆಂಬರ್ ಗಾಳಿ ಕುಡಿದವರು ಯಾರೂ ವಾಹನಗಳ ಹೊಗೆ ಸಣ್ಣ ವಿಷಯ ಎನ್ನಲಾರರು. ಹಳೆಯ ಬಿಎಸ್-2, ಬಿಎಸ್-3 ಡೀಸೆಲ್ ಗಾಡಿಗಳು ರಸ್ತೆಯಿಂದ ಹೋಗಬೇಕಾದವೇ. ತಕರಾರಿರುವುದು ಅಳತೆಗೋಲಿನ ಬಗ್ಗೆ. ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿಬರುವ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಕಾರಿಗೂ ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿ ಬಸವಳಿದ ಟ್ಯಾಕ್ಸಿಗೂ ಒಂದೇ ಗಡುವು. ಇರುವ ಎಮಿಷನ್ ಟೆಸ್ಟ್ ಕೂಡ ದುರ್ಬಲ. ಪೆಟ್ರೋಲ್ ಕಾರಿನಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ನೋಡುತ್ತದೆ, ಡೀಸೆಲ್‌ನಲ್ಲಿ ಹೊಗೆಯ ಗಾಢತೆ ನೋಡುತ್ತದೆ. ದೆಹಲಿಯ ಎದೆ ಕಟ್ಟಿಸುವ ಸೂಕ್ಷ್ಮ ಕಣಗಳನ್ನೂ ನೈಟ್ರೋಜನ್ ಆಕ್ಸೈಡ್‌ಗಳನ್ನೂ ಅಳೆಯುವುದೇ ಇಲ್ಲ. ಮಿತಿ ಮೀರಿ ಹೊಗೆ ಉಗುಳಿದ ವಾಹನಗಳಿಗೂ ಪ್ರಮಾಣಪತ್ರ ಸಿಕ್ಕಿದೆ ಎಂದು 2025ರಲ್ಲಿ ದೆಹಲಿ ವಿಧಾನಸಭೆಯ ಮುಂದೆ ಬಂದ ಸಿಎಜಿ ವರದಿಯೇ ಹೇಳಿದೆ. ಹೊಗೆ ಅಳೆಯುವುದು ಕಷ್ಟ, ಆರ್‌ಸಿ ಪುಸ್ತಕದ ತಾರೀಖು ನೋಡುವುದು ಸುಲಭ. ನಾವು ಸುಲಭದ ದಾರಿ ಹಿಡಿದಿದ್ದೇವೆ.

ಬಲ್ಬ್ ಹೋದರೆ ಇಡೀ ಲೈಟ್

ಇದರ ಇನ್ನೊಂದು ಮುಖ ಹೊಸ ಕಾರುಗಳ ವಿನ್ಯಾಸದಲ್ಲಿದೆ. ಹಳೆಯ ಹ್ಯಾಚ್‌ಬ್ಯಾಕ್‌ನಲ್ಲಿ ಹೆಡ್‌ಲೈಟ್ ಬಲ್ಬ್ ಹೋದರೆ ಬಾನೆಟ್ ಎತ್ತಿ ನಾವೇ ಬದಲಿಸುತ್ತಿದ್ದೆವು. ಇಂದಿನ ಎಷ್ಟೋ ಎಲ್‌ಇಡಿ ಲೈಟುಗಳಲ್ಲಿ ಬದಲಿಸುವ ಬಲ್ಬೇ ಇಲ್ಲ. ಒಳಗೆ ಚಿಕ್ಕದೊಂದು ಕೆಟ್ಟರೂ ಇಡೀ ಸೆಟ್ ಹೊಸದು ಹಾಕಬೇಕು. ಎಡಾಸ್ ಕ್ಯಾಮೆರಾ ಇರುವ ಕಾರಿನ ಮುಂಗಾಜು ಒಡೆದರೆ ಗಾಜು ಕೂರಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಅದಕ್ಕೆ ಬೇಕಾದ ಸಾಧನ, ಸಾಫ್ಟ್‌ವೇರ್ ಮೂಲೆಯ ಗ್ಯಾರೇಜಿನಲ್ಲಿ ಸಿಗುವುದಿಲ್ಲ. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತಿಳಿಸುವ ಸೆನ್ಸರ್ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡದೆಯೂ ಕಾರು ಮಾರಬಹುದು ಎಂದು 2020ರಲ್ಲೇ ನಿಯಮ ಸಡಿಲವಾಗಿದೆ.

ಎಸಿ, ಫ್ಯಾನ್‌ಗಳ ಗುಂಡಿಗಳೆಲ್ಲ ಒಂದು ದೊಡ್ಡ ಪರದೆಯೊಳಗೆ ಸೇರಿಕೊಂಡಿವೆ. ನೋಡಲು ಚೆಂದ. ಆದರೆ ಗುಂಡಿಯಾದರೆ ಕೈ ತಾನೇ ಹುಡುಕಿಕೊಳ್ಳುತ್ತದೆ, ಪರದೆಯನ್ನು ಕಣ್ಣಿಂದಲೇ ನೋಡಬೇಕು. ಕಣ್ಣು ಇರಬೇಕಾದದ್ದು ರಸ್ತೆಯ ಮೇಲೆ. ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್ ಮತ್ತು ತುರ್ತು ಕರೆಗೆ ಕೈಗೆ ಸಿಗುವ ನಿಜವಾದ ಗುಂಡಿ ಅಥವಾ ಸನ್ನೆ ಇಲ್ಲದಿದ್ದರೆ 2026ರಿಂದ ಅತ್ಯುನ್ನತ ಅಂಕ ಕಷ್ಟ ಎಂದಿದೆ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ನಮ್ಮ ಭಾರತ್ ಎನ್‌ಕ್ಯಾಪ್ ಕೂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕು. ಬಾಳಿಕೆಯ ಪ್ರಶ್ನೆಯೂ ಇದೆ. 12 ವರ್ಷದ ಹಿಂದಿನ ಎಸಿ ಗುಂಡಿ ಇಂದಿಗೂ ತಿರುಗುತ್ತದೆ. ಇಂದಿನ ಪರದೆ 12 ವರ್ಷದ ನಂತರ ಕೆಟ್ಟರೆ ಅದರ ಬದಲಿ ಯಾರ ಬಳಿ ಇರುತ್ತದೆ?

ಹೊಸ ಕಾರುಗಳು ಕೆಟ್ಟವೆಂದು ಇದರ ಅರ್ಥವಲ್ಲ. ಎಬಿಎಸ್, ಮುಂದಿನ ಎರಡು ಏರ್‌ಬ್ಯಾಗ್ ಈಗ ಕಡ್ಡಾಯ. ಬಿಎಸ್-6 ಡೀಸೆಲ್ ಕಾರಿನ ಹೊಗೆ ಹಳೆಯದಕ್ಕೆ ಹೋಲಿಸಲಾಗದಷ್ಟು ಶುದ್ಧ. ಆದರೆ ಕಾರು ಸುರಕ್ಷಿತವೂ ಶುದ್ಧವೂ ಆಗುವುದಕ್ಕೆ ದುರಸ್ತಿ ದುಬಾರಿಯಾಗಲೇಬೇಕು ಎಂಬ ನಿಯಮವೇನೂ ಇಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡುತ್ತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿ ಹಕ್ಕು’ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಪೋರ್ಟಲ್ ಮಾಹಿತಿ ಕೊಡುತ್ತದೆ, ಕಾನೂನಿನಂತೆ ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್ ಮಾರುಕಟ್ಟೆಗಳು ಮಧ್ಯಮ ವರ್ಗದ ಕಾರುಗಳನ್ನು ದಶಕಗಳಿಂದ ಬದುಕಿಸಿಕೊಂಡು ಬಂದಿವೆ. ಸಾಫ್ಟ್‌ವೇರ್ ಬೀಗದ ಮುಂದೆ ಅಲ್ಲಿನ ಮೆಕ್ಯಾನಿಕ್ ಏನು ಮಾಡಿಯಾನು?

ಇಂಧನದಲ್ಲೂ ಇದೇ ಕತೆ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಈಗ ಎಲ್ಲೆಡೆ. ಅದಕ್ಕೆಂದು ರೂಪಿಸದ ಕಾರುಗಳಲ್ಲಿ ಮೈಲೇಜ್ ಶೇ 3ರಿಂದ 6ರಷ್ಟು ಇಳಿಯಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಎಥೆನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯನ್ನೂ ಕೊಡಿ ಎಂದು ಕೋರಿದ ಅರ್ಜಿ ಸುಪ್ರೀಂ ಕೋರ್ಟ್‌ನಲ್ಲಿ ವಜಾ ಆಯಿತು. ಹಳೆಯ ಕಾರಿನ ಮಾಲೀಕ ಇಲ್ಲೂ ಹೇಳಿದ್ದನ್ನು ಕೇಳಬೇಕು.

ಏನಾಗಬೇಕು?

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಬಿಡಿಭಾಗಗಳಿಗೂ ಅದೇ ದರ ಬಂದದ್ದು ಒಳ್ಳೆಯದು. ಹೊಸದನ್ನು ಕೊಳ್ಳಲು ಇಷ್ಟು ಪ್ರೋತ್ಸಾಹ ಕೊಡುವ ಸರ್ಕಾರ, ಇರುವುದನ್ನು ಚೆನ್ನಾಗಿ ಇಟ್ಟುಕೊಳ್ಳುವವರಿಗೂ ಸ್ವಲ್ಪ ಯೋಚಿಸಬೇಕು. ಐದು ಅಥವಾ ಏಳು ವರ್ಷ ಕಂತು ಕಟ್ಟುವ ಕುಟುಂಬಕ್ಕೆ ಡೀಸೆಲ್ ಕಾರು ಸಾಲವಿಲ್ಲದೆ ತನ್ನದಾಗಿ ಉಳಿಯುವುದು ಈ ಲೆಕ್ಕದಲ್ಲಿ ಮೂರರಿಂದ ಐದು ವರ್ಷ ಮಾತ್ರ.

ಮೂರು ಕೆಲಸ ಆಗಬೇಕು. ಒಂದು, ವಯಸ್ಸಿನ ಬದಲು ಹೊಗೆಯ ಮತ್ತು ಬ್ರೇಕ್, ಸ್ಟೀರಿಂಗ್‌ಗಳ ನಿಜವಾದ ಯಂತ್ರ ಪರೀಕ್ಷೆ ದೇಶದಾದ್ಯಂತ ಒಂದೇ ರೀತಿ ನಡೆಯಬೇಕು. ಫೇಲಾದರೆ ಐದು ವರ್ಷದ ಕಾರೂ ನಿಲ್ಲಲಿ, ಪಾಸಾದರೆ ಹದಿನೆಂಟು ವರ್ಷದ್ದೂ ಓಡಲಿ. ಎರಡು, ಮಾರಾಟ ನಿಂತ ಮೇಲೂ ಕನಿಷ್ಠ 15 ವರ್ಷ ಬಿಡಿಭಾಗ ಮತ್ತು ಸಾಫ್ಟ್‌ವೇರ್ ಒದಗಿಸುವುದನ್ನು ಕಂಪನಿಗಳಿಗೆ ಕಡ್ಡಾಯ ಮಾಡಬೇಕು. ಮೂರು, ದೋಷ ಪತ್ತೆಯ ಮಾಹಿತಿ ನ್ಯಾಯವಾದ ಬೆಲೆಗೆ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು.

ಬಿಎಸ್-4ಕ್ಕೆ ಸಿಕ್ಕ ವಿನಾಯಿತಿ ಮುಂದಿನ ಚಳಿಗಾಲದ ಹೊಗೆಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲೇ ಇಲ್ಲಿನ ಕಾರು ಮಾಲೀಕರಿದ್ದಾರೆ. ಅಷ್ಟರೊಳಗೆ ಒಂದು ಸರಿಯಾದ ಪರೀಕ್ಷಾ ಕೇಂದ್ರದ ಜಾಲ ಎದ್ದು ನಿಂತರೆ, ಕೋರ್ಟಿನ ಮುಂದೆ ಇಡಲು ತಾರೀಖಿಗಿಂತ ಗಟ್ಟಿಯಾದ ಸಾಕ್ಷ್ಯ ನಮ್ಮ ಬಳಿ ಇರುತ್ತದೆ.