ಬದನೆಕಾಯಿಯ ಗಾತ್ರವೆಷ್ಟು?

ಆರ್ಕಿಮಿಡೀಸನು ಸ್ನಾನದ ತೊಟ್ಟಿಯಿಂದೆದ್ದು ಬೀದಿಯಲ್ಲಿ ಓಡಿದ ಕಥೆಯನ್ನು ಕೇಳದ ವಿದ್ಯಾರ್ಥಿ ಮೈಸೂರಿನಲ್ಲಿ ಸಿಗುವುದು ದುರ್ಲಭ. ಆದರೆ ಒಂದು ಕಲ್ಲನ್ನಾದರೂ ಕೈಯಾರೆ ನೀರಿಗಿಳಿಸಿ ಅದರ ಗಾತ್ರವನ್ನು ಅಳೆದವರೆಷ್ಟು ಮಂದಿ? ಅಳೆದವರಲ್ಲಿಯೂ, ಪುಸ್ತಕದ ಉತ್ತರವನ್ನು ಮೊದಲೇ ನೋಡಿಕೊಳ್ಳದೆ ಅಳೆದವರೆಷ್ಟು ಮಂದಿ?

ಚಾಮುಂಡಿ ಬೆಟ್ಟದ ಗ್ರಾನೈಟಿನಂತಹ ಕಲ್ಲಿನ 27 ಗ್ರಾಂ ತೂಕದ ಚೂರೊಂದನ್ನು ಅಳತೆಯ ಜಾಡಿಯಲ್ಲಿ ಮುಳುಗಿಸಿದರೆ ನೀರು ಸುಮಾರು 10 ಮಿಲಿಲೀಟರಿನಷ್ಟು ಏರುವುದು. ಗೆರೆಯನ್ನು ಓದುವಾಗ ಕಣ್ಣು ಒಂದೇ ಮಿಲಿಲೀಟರ್ ತಪ್ಪಿದರೂ ನೂರಕ್ಕೆ 10ರಷ್ಟು ದೋಷವುಂಟಾಯಿತು. ಅಂತಹ 10 ಚೂರುಗಳನ್ನು ಒಟ್ಟಿಗೆ ಹಾಕಿ ಅಳೆದರೆ ಅದೇ ದೋಷವು ನೂರಕ್ಕೆ 1ಕ್ಕೆ ಇಳಿಯುವುದು. ಆದರೂ ಉತ್ತರವನ್ನು ಮೊದಲೇ ಬಲ್ಲ ಹುಡುಗನಿಗೆ ಈ ಉಪಾಯವು ಹೊಳೆಯುವುದಾದರೂ ಏತಕ್ಕೆ?

ಆದುದರಿಂದ ದೇವರಾಜ ಮಾರುಕಟ್ಟೆಯಿಂದ ಒಂದು ಈರನಗೆರೆ ಬದನೆಯನ್ನು ತರಬೇಕೆಂಬುದು ನಮ್ಮ ಸಲಹೆ. ಕಂಠಪೂರ್ತಿ ನೀರು ತುಂಬಿದ ಪಾತ್ರೆಯಲ್ಲಿ ಬಿಟ್ಟರೆ ಬದನೆಯು ತೇಲುವುದು. ಆಗ ಹೊರಚೆಲ್ಲಿದ ನೀರಿನ ತೂಕವು ಕಾಯಿಯ ತೂಕಕ್ಕೆ ಸಮನಾಗಿರುವುದೇ ಹೊರತು, ಆ ನೀರಿನ ಗಾತ್ರವು ಕಾಯಿಯ ಗಾತ್ರಕ್ಕೆ ಸಮನಲ್ಲ. ಬುದ್ಧಿವಂತರೂ ಎಡವುವುದು ಇಲ್ಲಿಯೇ. ಸಣ್ಣ ಸೂಜಿಯಿಂದ ಒತ್ತಿ ಪೂರ್ತಿಯಾಗಿ ಮುಳುಗಿಸಿದಾಗ ಮಾತ್ರ ಚೆಲ್ಲಿದ ನೀರು ಗಾತ್ರವನ್ನು ಹೇಳುವುದು. ಅಳತೆಯ ಜಾಡಿಯಿಲ್ಲದಿದ್ದರೆ ಆ ನೀರನ್ನು ತೂಗಿದರಾಯಿತು. 1 ಗ್ರಾಂ ನೀರೆಂದರೆ ಹೆಚ್ಚುಕಡಿಮೆ 1 ಮಿಲಿಲೀಟರ್.

ಮೈಸೂರು ಪಾಕಿನ ಗಾತ್ರವನ್ನು ಹೀಗೆ ಅಳೆಯಬಹುದೆ? ಅದರ ರಂಧ್ರಗಳು ನೀರನ್ನು ಹೀರುವುವು, ಸಕ್ಕರೆಯು ಕರಗುವುದು. (ಅಳೆಯುವವರೆಗೆ ಪಾಕು ಉಳಿದಿರುವುದೆಂಬ ಭರವಸೆಯೂ ನಮಗಿಲ್ಲ.) ಬ್ರೆಡ್ಡಿನದೂ ಇದೇ ಕಷ್ಟ. 1950ರಲ್ಲಿ ನಮ್ಮ ನಗರದ ಚೆಲುವಾಂಬಾ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಬ್ರೆಡ್ಡನ್ನು ಅಳೆಯಲು ನೀರಿನ ಬದಲು ಸಾಸಿವೆಯ ಜಾತಿಯ ಬೀಜಗಳನ್ನು ಬಳಸುತ್ತ ಬಂದಿರುವರು. ಡಬ್ಬಿಯ ತುಂಬ ಬೀಜವನ್ನು ಸುರಿದು ಮಟ್ಟಮಾಡಿ, ಬರಿದುಮಾಡಿ, ಬ್ರೆಡ್ಡನ್ನಿಟ್ಟು ಅದೇ ಬೀಜವನ್ನು ಮತ್ತೆ ತುಂಬಿದಾಗ, ಹಿಡಿಸದೆ ಮಿಕ್ಕ ಬೀಜವೆಷ್ಟೋ ಬ್ರೆಡ್ಡಿನ ಗಾತ್ರವಷ್ಟು. ಅಡಿಗೆಮನೆಯ ಸಾಸಿವೆ ಡಬ್ಬಿಯಲ್ಲಿಯೂ ಇದನ್ನು ಮಾಡಿ ನೋಡಬಹುದು. ಮನೆಯವರ ಅಪ್ಪಣೆಯನ್ನು ಪಡೆಯುವುದೊಳ್ಳೆಯದು.

ಪ್ರಾಯೋಗಿಕ ಪರೀಕ್ಷೆಯಲ್ಲಿ ವರ್ಷವರ್ಷವೂ ಅದೇ ಕಲ್ಲನ್ನು ಕೊಡುವ ಬದಲು ಬದನೆಯನ್ನೇಕೆ ಕೊಡಬಾರದು? ಆ ಕಾಯಿಯ ಗಾತ್ರವು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ; ಅಳೆಯದೆ ಬರೆಯುವಂತಿಲ್ಲ.