ಎಂಜಿನ್ ಎಣ್ಣೆ: ಬಣ್ಣವಲ್ಲ, ದುಡಿಮೆಯೇ ಅಳತೆ

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹೊಲಗಳಲ್ಲಿ ಉಳುವ ಟ್ರ್ಯಾಕ್ಟರಿಗೂ ಅಲ್ಲಿಂದ ಪಟ್ಟಣಕ್ಕೆ ಹೋಗಿಬರುವ ಬೈಕಿಗೂ ಎಂಜಿನ್ ಎಣ್ಣೆ ಬೇಕು. ಅದನ್ನು ಯಾವಾಗ ಬದಲಿಸಬೇಕು? ಕಪ್ಪಾದಾಗ ಎಂಬುದು ರೂಢಿಯ ಉತ್ತರ. ಅದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಎಣ್ಣೆಗೆ ಬೆರೆಸಿರುವ ಮಾರ್ಜಕ ದ್ರವ್ಯಗಳು ಮಸಿಯನ್ನು ಲೋಹಕ್ಕೆ ಅಂಟಗೊಡದೆ ಎಣ್ಣೆಯಲ್ಲಿಯೇ ತೇಲಿಸಿಡುತ್ತವೆ. ಆದುದರಿಂದ ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ. ಎಣ್ಣೆಯು ನಿಜವಾಗಿ ಕೆಡುವುದು ಶಾಖದಿಂದ, ಆಮ್ಲಜನಕದ ಸಂಯೋಗದಿಂದ, ನೀರು ಮತ್ತು ಇಂಧನದ ಬೆರಕೆಯಿಂದ. ಇವನ್ನು ಕಪ್ಪು ಬಣ್ಣ ತಿಳಿಸದು. ಟ್ರ್ಯಾಕ್ಟರು ದಿನವಿಡೀ ಉತ್ತರೂ ಕ್ರಮಿಸುವ ದೂರ ಸ್ವಲ್ಪವೇ. ಅದಕ್ಕೆ ಗಂಟೆಗಳ ಲೆಕ್ಕವೇ ಸರಿ. ಬೈಕಿಗೆ ಕಿಲೋಮೀಟರಿನ ಲೆಕ್ಕ. ಹೆಚ್ಚು ಓಡದಿದ್ದರೆ ತಿಂಗಳುಗಳ ಲೆಕ್ಕ.

ಇನ್ನು, ಯಾವ ಎಣ್ಣೆ? 20ಡಬ್ಲ್ಯು-40 ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿನ, ಎರಡನೆಯದು ಕಾದ ಎಂಜಿನ್ನಿನಲ್ಲಿನ ಸ್ನಿಗ್ಧತೆಯ ದರ್ಜೆ. ಮಂದವಾದ ಎಣ್ಣೆಯೇ ಮೇಲೆಂಬುದು ಭ್ರಮೆ. ಬಹುತೇಕ ಬೈಕುಗಳಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಎಣ್ಣೆ ಹಾಕಿದರೆ ಅದು ಜಾರಬಹುದು.

ಬಿತ್ತನೆಯ ಹೊತ್ತಿನಲ್ಲಿ ಎಂಜಿನ್ ಕಚ್ಚಿಕೊಂಡರೆ ಒಂದು ಕುಟುಂಬದ ಬೆಳೆಯೇ ತಪ್ಪೀತು. ಎರಡು ಪ್ರಶ್ನೆಗಳಿಗೂ ಉತ್ತರವು ಆಯಾ ವಾಹನದ ಕೈಪಿಡಿಯಲ್ಲಿದೆ. ಅದನ್ನು ಮನೆಯವರಿಗೆ ಓದಿಹೇಳುವುದು ಓದುಬಲ್ಲ ಮಕ್ಕಳ ಕರ್ತವ್ಯವಲ್ಲವೆ?