ಗುಳೆ ಹೊರಡುವವರಿಗೆ ತಿಳಿವಳಿಕೆ ಊರಿನಲ್ಲಿಯೇ ದೊರೆಯಲಿ



ಸುಗ್ಗಿ ಮುಗಿದು ಹೊಲಗಳು ಬರಿದಾಗುವ ಕಾಲಕ್ಕೆ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲೂಕುಗಳ ಒಣಬೇಸಾಯದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೊರಡುವ ಜನರ ವಿಷಯವಾಗಿ ವರ್ಷವರ್ಷವೂ ನಡೆಯುವ ಸಾರ್ವಜನಿಕ ಚರ್ಚೆಯೆಲ್ಲವೂ ‘ಗುಳೆ ನಿಲ್ಲಬೇಕು’ ಎಂಬ ಒಂದೇ ಮಾತಿನಿಂದ ಆರಂಭವಾಗಿ ಆ ಮಾತಿನಲ್ಲಿಯೇ ಪರ್ಯವಸಾನ ಹೊಂದುತ್ತಿರುವುದನ್ನು ಕುರಿತು ನನ್ನ ಭಿನ್ನಾಭಿಪ್ರಾಯವನ್ನು ತಮ್ಮ ಪತ್ರಿಕೆಯ ಮೂಲಕ ನಿವೇದಿಸಿಕೊಳ್ಳುತ್ತೇನೆ. ಸ್ವಗ್ರಾಮದಲ್ಲಿಯೇ ವರ್ಷಪೂರ್ತಿ ಕೈತುಂಬ ಕೆಲಸ ದೊರೆಯುವುದಾದರೆ ಅದಕ್ಕಿಂತ ಮಿಗಿಲಾದ ಭಾಗ್ಯ ಬೇರೊಂದಿಲ್ಲವೆಂಬುದು ನಿರ್ವಿವಾದ. ಆದರೆ ಉದ್ಯೋಗ ಖಾತರಿಯ ಕಾರ್ಯಕ್ರಮವು 2006ರಲ್ಲಿ ಮೊದಲ ಹಂತದಲ್ಲಿಯೇ ರಾಯಚೂರು ಜಿಲ್ಲೆಗೆ ಬಂದ ಮೇಲೆಯೂ ಬೆಂಗಳೂರಿನ ರಾತ್ರಿ ಬಸ್ಸುಗಳು ತುಂಬಿಯೇ ಹೊರಡುತ್ತಿರುವಾಗ, ಹೋಗಬೇಡಿರೆಂದು ಬೋಧಿಸುವುದರಿಂದಲೇ ಕೃತಕೃತ್ಯರಾದೆವೆಂದು ಭಾವಿಸುವುದು ಸರಿಯಲ್ಲ. ಹೋಗಲೇಬೇಕಾದವನು ಏನನ್ನು ಅರಿತು ಹೋಗಬೇಕು, ಅದನ್ನು ಅವನಿಗೆ ತಿಳಿಸತಕ್ಕವರು ಯಾರು ಎಂಬುದೇ ನಾವು ಮೊದಲು ಉತ್ತರಿಸಬೇಕಾದ ಪ್ರಶ್ನೆ.

ನಮ್ಮ ಹಟ್ಟಿಯ ಉದಾಹರಣೆಯನ್ನೇ ನೋಡಬಹುದು. 1947ರಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಸ್ಥಾಪಿತವಾಗಿ ಇಂದು ರಾಜ್ಯ ಸರಕಾರದ ಒಡೆತನದಲ್ಲಿರುವ ಇಲ್ಲಿಯ ಚಿನ್ನದ ಗಣಿಗೆ ಹೊಸದಾಗಿ ಸೇರಿದವನೊಬ್ಬನು, ಅವನು ಎಷ್ಟೇ ಗಟ್ಟಿಮುಟ್ಟಾದ ಆಳಾಗಿದ್ದರೂ, ನೇರವಾಗಿ ಶಾಫ್ಟಿನ ಕೇಜು ಹತ್ತಿ ಕೆಳಗಿಳಿಯುವಂತಿಲ್ಲ. ಅವನಿಗೆ ವೈದ್ಯಕೀಯ ಪರೀಕ್ಷೆಯಾಗಬೇಕು. 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಶಿಕ್ಷಣವಾಗಬೇಕು. ತಲೆಗೆ ಹೆಲ್ಮೆಟ್ಟು, ದೀಪ, ಕಾಲಿಗೆ ಬೂಟು ದೊರೆಯಬೇಕು. ಮತ್ತು ಪ್ರತಿಯೊಂದು ಪಾಳಿಯಲ್ಲಿಯೂ ಭೂಗರ್ಭಕ್ಕೆ ಇಳಿದವರೆಷ್ಟು, ಮೇಲಕ್ಕೆ ಬಂದವರೆಷ್ಟು ಎಂಬ ಲೆಕ್ಕ ದಾಖಲೆಯಾಗಬೇಕು. ಈ ವಿಧಿಗಳು ಕಾರ್ಮಿಕರ ಪ್ರಾಣಹಾನಿಯ ಕಹಿ ಅನುಭವದಿಂದ ರೂಪುಗೊಂಡವೆಂಬುದನ್ನು ಗಣಿಯೂರಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಹಟ್ಟಿಯ ನೆರೆಹಳ್ಳಿಯ ಯುವಕನಾದರೋ, ಎರಡಂತಸ್ತಿನ ಮನೆಯನ್ನೂ ಕಟ್ಟಿ ಅರಿಯದವನು, ಬೆಂಗಳೂರಿಗೆ ಹೋದ ಮರುದಿನವೇ ಹತ್ತನೆಯ ಅಂತಸ್ತಿನ ಹೊರಗೋಡೆಗೆ ಕಟ್ಟಿದ ಅಟ್ಟಣಿಗೆಯ ಮೇಲೆ ನಿಲ್ಲುತ್ತಾನೆ. ಅವನಿಗೆ ಶಿಕ್ಷಣವೂ ಇಲ್ಲ, ಅವನು ಊರು ಬಿಟ್ಟುದಕ್ಕೆ ಲೆಕ್ಕವೂ ಇಲ್ಲ.

ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಹಂಗಾಮಿನ ಯಾವ ಸಂಜೆಯಲ್ಲಿಯಾದರೂ ಈ ಪ್ರಯಾಣಿಕರನ್ನು ಕಾಣಬಹುದು. ಹಗ್ಗ ಬಿಗಿದ ಕೌದಿಯ ಗಂಟು, ಜೋಳದ ಹಿಟ್ಟಿನ ಚೀಲ, ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ತಾಯಿಯ ಸೆರಗು ಹಿಡಿದು ನಿಂತ ಶಾಲೆಯ ವಯಸ್ಸಿನ ಮಗು. ಹದಿನೈದು ದಿನಗಳ ಊಟಕ್ಕೆ ಬೇಕಾದುದೆಲ್ಲವೂ ಇರುವ ಆ ಗಂಟುಗಳಲ್ಲಿ ನಗರದಲ್ಲಿ ಅವರನ್ನು ರಕ್ಷಿಸಬಲ್ಲ ಕಾಗದಪತ್ರಗಳು ಇರುವುದು ವಿರಳ. ಅವರಿಗೆ ನಗರದ ವಿಷಯವನ್ನು ತಿಳಿಸುವವನು ಮುಂಗಡ ಕೊಟ್ಟು ಕರೆದೊಯ್ಯುವ ಮೇಸ್ತ್ರಿಯೊಬ್ಬನೇ. ಅವನು ತನಗೆ ಅನುಕೂಲವಾದಷ್ಟನ್ನು ಮಾತ್ರ ತಿಳಿಸುತ್ತಾನೆ.

ಅವನು ಹೇಳದೆ ಬಿಡುವ ಮಾತುಗಳು ಇಂತಿವೆ. ಪಡಿತರ ಚೀಟಿಯು ಊರಿಗೇ ಕಟ್ಟುಬಿದ್ದುದಲ್ಲ; ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವಿನ ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ವಿಧಿಸಿದೆ. ಗುತ್ತಿಗೆದಾರನು ಕೂಲಿ ಮುಳುಗಿಸಿದರೆ ಮೂಲ ಮಾಲಿಕನೇ ತೆರತಕ್ಕದ್ದೆಂದು 1970ರಿಂದಲೂ ನಮ್ಮ ಕಾನೂನು ಹೇಳುತ್ತ ಬಂದಿದೆ. ಆದುದರಿಂದ ಮೇಸ್ತ್ರಿಯ ಹೆಸರೊಂದೇ ಸಾಲದು, ಕಟ್ಟಡ ಯಾರದೆಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಮುಂಗಡ ತೀರುವವರೆಗೆ ಕೆಲಸ ಬಿಟ್ಟು ಹೋಗಕೂಡದೆಂದು ತಡೆದಿಡುವುದು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯನ್ವಯ ಅಪರಾಧ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸದಸ್ಯತ್ವಕ್ಕೆ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ 90 ದಿನಗಳ ಕೆಲಸವಾಗಿರಬೇಕು. ಎಂದರೆ, ಅನನುಭವದಿಂದ ಅಪಾಯವು ಅತ್ಯಧಿಕವಾಗಿರುವ ಮೊದಲ ಮೂರು ತಿಂಗಳುಗಳಲ್ಲಿಯೇ ಹೊಸಬನು ಮಂಡಳಿಯ ಆಶ್ರಯದ ಹೊರಗಿರುತ್ತಾನೆ. ಆದಕಾರಣ ಮೊದಲ ದಿನದಿಂದಲೇ ಹಾಜರಿಯನ್ನು ತಾನೇ ಬರೆದಿಡುವುದು ಅವನಿಗೆ ಅನ್ನದಷ್ಟೇ ಅಗತ್ಯ.

ಕಾನೂನಿನ ಇನ್ನೊಂದು ಕೊರತೆಯನ್ನೂ ಇಲ್ಲಿ ಎತ್ತಿ ಹೇಳಬೇಕು. ಗುತ್ತಿಗೆದಾರರ ಮೂಲಕ ಪರಸ್ಥಳಕ್ಕೆ ಹೋಗುವ ಕೂಲಿಕಾರರಿಗಾಗಿ ಸಂಸತ್ತು 1979ರಲ್ಲಿ ರಚಿಸಿದ ಶಾಸನವು ರಾಜ್ಯದ ಗಡಿ ದಾಟುವವರನ್ನು ಮಾತ್ರ ವಲಸೆ ಕಾರ್ಮಿಕರೆಂದು ಪರಿಗಣಿಸಿತು. 1956ರವರೆಗೆ ನಮಗೆ ರಾಜಧಾನಿಯಾಗಿದ್ದ ಹೈದರಾಬಾದಿಗೆ ಹೋದವನು ಆ ಶಾಸನದ ದೃಷ್ಟಿಯಲ್ಲಿ ವಲಸೆಗಾರನಾಗಿದ್ದನು. ಅದಕ್ಕಿಂತಲೂ ದೂರದ ಬೆಂಗಳೂರಿಗೆ ಹೋದವನು ಆಗಿರಲಿಲ್ಲ! ಹಸಿವೂ ಅಪರಿಚಿತತೆಯೂ ಸೀಮೆಗೆರೆಯನ್ನು ನೋಡಿ ಬರುವುದಿಲ್ಲ. ಹೀಗೆ ಕಾನೂನಿನ ಎಣಿಕೆಯ ಹೊರಗುಳಿದವರು ಎಷ್ಟು ಜನ, ಯಾವ ಊರಿನಿಂದ, ಎಲ್ಲಿಗೆ ಹೋಗಿದ್ದಾರೆಂಬ ಲೆಕ್ಕವಿಲ್ಲದಿರುವುದರ ಫಲವನ್ನು ನಾವು 2020ರ ಏಪ್ರಿಲಿನಲ್ಲಿ ಕಂಡೆವು: ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟ ಕಟ್ಟಡ ಕಾರ್ಮಿಕ ಮಹಿಳೆಯೊಬ್ಬಳು ಮನೆ ಮುಟ್ಟದೆ ಬಳ್ಳಾರಿಯಲ್ಲಿ ಅಸುನೀಗಿದಳು. ಆ ಸಾವಿನ ನಂತರವಾದರೂ ನಾವು ಎಚ್ಚೆತ್ತುಕೊಳ್ಳಬೇಕಾಗಿತ್ತು.

ಆದುದರಿಂದ ನನ್ನ ವಿನಂತಿ ಇಷ್ಟು. ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಹೊರಡುವವರ ಹೆಸರು, ಹೋಗುವ ಸ್ಥಳ, ಕರೆದೊಯ್ಯುವವನ ಹೆಸರುಗಳನ್ನು ದಾಖಲಿಸುವ ಪುಸ್ತಕವೊಂದಿರಲಿ. ಕಾರ್ಮಿಕ ಇಲಾಖೆಯವರು ಕಚೇರಿಯಲ್ಲಿ ಕಾದು ಕುಳಿತುಕೊಳ್ಳದೆ, ಗುಳೆ ಹೋದವರು ಊರಿಗೆ ಮರಳಿ ಬರುವ ಮುದಗಲ್ಲಿನ ಮೊಹರಮ್ಮಿನಂಥ ಸಂದರ್ಭಗಳಲ್ಲಿ ಜನರಿದ್ದಲ್ಲಿಗೇ ಬರಲಿ. ಓದುಬರಹ ಬಾರದವರೂ ಬಹಳ ಜನರಿರುವುದರಿಂದ ಕರಪತ್ರ ಹಂಚುವಷ್ಟರಿಂದಲೇ ತೃಪ್ತರಾಗದೆ ಬಾಯಿಮಾತಿನಲ್ಲಿ, ತಾಂಡಾಗಳಲ್ಲಿ ಲಂಬಾಣಿಯಲ್ಲಿಯೂ, ವಿಷಯಗಳನ್ನು ತಿಳಿಸಲಿ. ಮಕ್ಕಳನ್ನು ಬಿಟ್ಟು ಹೋಗಲಿಚ್ಛಿಸುವವರಿಗೆ ಹಂಗಾಮಿ ವಸತಿನಿಲಯಗಳು ಹಂಗಾಮು ಮುಗಿದ ಮೇಲಲ್ಲ, ಮೊದಲೇ ತೆರೆಯಲಿ. ಹೊಸಬರಿಗೆ ಸುರಕ್ಷತೆಯನ್ನು ಕಲಿಸುವ ವಿದ್ಯೆಯಲ್ಲಿ ನುರಿತ ಹಟ್ಟಿಯ ಗಣಿ ಕಂಪನಿಯು ಎತ್ತರದ ಕೆಲಸಕ್ಕೆ ಹೊರಡುವ ಸುತ್ತಲಿನ ಹಳ್ಳಿಗಳ ಯುವಕರಿಗೂ ಎರಡು ದಿನಗಳ ಶಿಕ್ಷಣವನ್ನು ಕೊಡಲು ಮುಂದೆ ಬರಲಿ. ಇವುಗಳಲ್ಲಿ ಯಾವುದೂ ಅಪಾರ ದ್ರವ್ಯವನ್ನು ಬೇಡುವ ಕಾರ್ಯವಲ್ಲ. ಗುಳೆಯನ್ನು ತಪ್ಪಿಸಲು ಸರಕಾರಕ್ಕೆ ಇನ್ನೆಷ್ಟು ವರ್ಷಗಳು ಬೇಕಾದರೂ ಆಗಬಹುದು. ಹೋಗುವವರನ್ನು ಸಿದ್ಧಗೊಳಿಸಿ ಕಳುಹಿಸುವ ಕೆಲಸವನ್ನು ಮುಂದಿನ ಹಂಗಾಮಿಗೆ ಮುನ್ನವೇ ಮಾಡಬಹುದು, ಮಾಡಲೇಬೇಕು.

ಇತಿ ತಮ್ಮ ವಿಶ್ವಾಸಿ,
ಹಟ್ಟಿಯ ಓರ್ವ ವಾಚಕ